ಅಲುಗಾಡದ ಚಿತ್ರ

ಸಾವಿನ ಸುದ್ದಿ ತಿಳಿದ ದಿನವೇ ಆ ಮನೆಯ ಅಳಿಯ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ಕಣ್ಣು ಕೆಂಪಾಗಿತ್ತು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು.

“ಬೆಳಗಿನ ಜಾವ ಆಸ್ಪತ್ರೆಯಿಂದ ಫೋನ್ ಬಂತು ತಾತ. ಮುಗೀತು ಎಲ್ಲಾ. ಸಂಜೆ ಮನೇಲಿ ಪ್ರಾರ್ಥನೆ. ಅಷ್ಟರೊಳಗೆ ಈ ವಿಡಿಯೋನ ದೊಡ್ಡ ಪರದೆ ಮೇಲೆ ಹಾಕೋ ಹಾಗೆ ಮಾಡಿಕೊಡಿ.”

ಬೀದಿಯವರೆಲ್ಲ ಆ ಸ್ಟುಡಿಯೋದ ಯಜಮಾನರನ್ನು ‘ತಿದ್ದೋ ತಾತ’ ಎಂದೇ ಕರೆಯುತ್ತಿದ್ದರು. ಮಸುಕಾದ ಫೋಟೋ, ಕುಲುಕಾಡುವ ವಿಡಿಯೋ, ಏನೇ ತಂದುಕೊಟ್ಟರೂ ತಿದ್ದಿ ಕೊಡುವ ಕೈ ಅದು. ತಾತ ಕನ್ನಡಕ ಏರಿಸಿಕೊಂಡು ಫೋನು ನೋಡಿದರು.

ಬೆಳ್ಳಿಕೂದಲಿನ ಹೆಂಗಸೊಬ್ಬರು ಮಾಳಿಗೆಯ ಮೇಲೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೊನೆಗೆ ಇತ್ತ ತಿರುಗಿ, ನಕ್ಕು, “ಸಾಕು, ಇನ್ನು ಕೂತ್ಕೊಳ್ಳಿ” ಎಂದರು. ಅಷ್ಟೇ.

“ನಮ್ಮತ್ತೆ” ಎಂದ ಅಳಿಯ. ಅಂಗೈಯಿಂದ ಕಣ್ಣೊರೆಸಿಕೊಂಡು ಹೇಳಿದ: “ಇದೊಂದೇ ಇರೋದು ತಾತ. ಫೋಟೋಗೆ ನಿಲ್ಲಿ ಅಂದ್ರೆ ಮಾರು ದೂರ ಓಡೋ ಜೀವ ಅದು. ಏನೂ ಕಳೆದುಹೋಗಬಾರದು ಅಂತ ನನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ.”

ತಾತ ಮುಂದೆ ಕೇಳಲಿಲ್ಲ. ಸಾವಾದ ಮನೆಯವರನ್ನು ಕೆದಕಬಾರದು ಎಂಬುದು ಅವರು ಮೊದಲಿನಿಂದ ನಡೆಸಿಕೊಂಡು ಬಂದ ನೇಮ.

“ಮೆಸೇಜಲ್ಲಿ ಕಳಿಸಿಬಿಡ್ಲಾ?”

“ಬೇಡಪ್ಪ. ಹಾಗೆ ಕಳಿಸಿದ್ರೆ ಹಿಂಡಿ ಹಿಪ್ಪೆಯಾಗಿ ಬರುತ್ತೆ. ವಯರ್ ಹಾಕು.”

ವಿಡಿಯೋ ಇದ್ದದ್ದು ಇದ್ದ ಹಾಗೆ ಇಳಿಯಿತು. ಮೂಲದ ಮೇಲೆ ಕತ್ತರಿ ಆಡಿಸಬಾರದು. ತಾತ ಪ್ರತಿ ಮಾಡಿಕೊಂಡು, ಕ್ಷಣ ಹೊತ್ತು ಕಣ್ಣು ಮುಚ್ಚಿ ದೇವರನ್ನು ನೆನೆದು ಕೆಲಸಕ್ಕೆ ಕೂತರು.

ಕೆಲಸ ಬೇಕಾದಷ್ಟಿತ್ತು. ಚಿತ್ರ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ಮೂಲೆಯಲ್ಲಿ ಬೆರಳೊಂದು ಅಡ್ಡ ಬಂದಿತ್ತು. ಉದ್ದಕ್ಕೂ ಗೊರ್ ಗೊರ್ ಸದ್ದು. ಗಾಳಿಯೋ, ನೀರಿನ ಪೈಪೋ. ತಾತ ನಡುಕ ನಿಲ್ಲಿಸಿದರು. ಅಂಚು ಕತ್ತರಿಸಿದರು, ಬೆರಳು ಹೋಯಿತು. ಸದ್ದು ಒರೆಸಿದರು. ಆ ತಾಯಿಯ ಮುಖದ ಒಂದೊಂದು ಸುಕ್ಕೂ ಎಣಿಸುವ ಹಾಗೆ ತಿಳಿಯಾಯಿತು. ತಿದ್ದಿದ್ದನ್ನು ಅಳತೆ ಒಂದಿಷ್ಟೂ ಕುಗ್ಗಿಸದೆ ಹೊರಗೆ ತೆಗೆದು ಅಳಿಯನ ಫೋನಿಗೆ ಹಾಕಿ ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಅಳಿಯ ಮತ್ತೆ ಬಂದ.

“ಮನೇಲಿ ಹಿರಿಯರು ಒಪ್ಪಲಿಲ್ಲ ತಾತ.”

“ಯಾಕೆ? ಮುಖ ಮಸುಕಾಯ್ತಾ?”

“ಮುಖ ಕನ್ನಡಿ ಹಾಗಿದೆ. ಆದ್ರೆ ‘ಇದರಲ್ಲಿ ಇಲ್ಲ’ ಅಂದ್ರು. ಅಷ್ಟೇ.”

“ಏನಿಲ್ಲ ಅಂತ ಕೇಳಬಾರದಾ?”

“ಬೆಳಿಗ್ಗೆಯಿಂದ ಬಾಯಿ ಬಿಟ್ಟಿದ್ದೇ ಅದೊಂದು ಮಾತು. ಆಮೇಲೆ ಗೋಡೆ ಕಡೆ ತಿರುಗಿಬಿಟ್ರು. ಆ ಮನೆಗೆ ನಾನು ಅಳಿಯನಾಗಿ ಬಂದೆನೋ, ಅಂಚೆಯವನಾಗಿ ಬಂದೆನೋ!”

ಗೋಡೆಗೆ ಮುಖ ಮಾಡಿ ಕೂತ ಒಬ್ಬ ಮುದುಕ ತಾತನ ಕಣ್ಣ ಮುಂದೆ ಸುಳಿದ. ಪಾಪ, ಜೊತೆಗಾತಿಯ ಮುಖದ ಬಣ್ಣ ಒಂದು ಕೂದಲೆಳೆ ಬದಲಾದರೂ ಅವನಿಗೆ ತಿಳಿಯದೆ ಇದ್ದೀತೇ? ತಾತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಣ್ಣವನ್ನು ಮೂಲಕ್ಕೆ ಹೊಂದಿಸಿದರು. ಇನ್ನೂ ಚೂರು ಉಳಿದಿದ್ದ ಗೊರಗೊರವನ್ನು ಬೇರುಸಹಿತ ಕಿತ್ತರು. ಈಗ ನೀರು ಬೀಳುವ ಸದ್ದು ಮುತ್ತು ಉದುರಿದಂತೆ ಕೇಳಿತು.

ಅಳಿಯ ಅದನ್ನು ಒಯ್ದ ಮೇಲೆ ತಾತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದರು, ಬಂದರು. ಮುಂದಿಟ್ಟ ಚಹಾ ಕೆನೆಗಟ್ಟಿತು. ಪ್ರಾರ್ಥನೆಯ ಹೊತ್ತು ಹತ್ತಿರವಾಗುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ‘ಇಲ್ಲ’ ಎನ್ನಿಸಿಕೊಂಡವರಲ್ಲ ಅವರು. ಒಂದು ದುಃಖದ ಮನೆಗೆ ಕೊನೆಯದಾಗಿ ಉಳಿದದ್ದನ್ನು ತಾನೇ ಕೆಡಿಸಿದೆನೇ? ಎಲ್ಲಿ? ಯಾವ ಗುಂಡಿ ಒತ್ತಿದಾಗ?

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಳಿಯನ ಮುಖ ಬಿಳಿಚಿತ್ತು.

“ಇದನ್ನ ಪೂರ್ತಿ ನೋಡ್ಲೇ ಇಲ್ಲ ತಾತ. ‘ಪೂರಾ ಹೋಯ್ತು’ ಅಂದು ಕೋಲು ಹಿಡ್ಕೊಂಡು ಎದ್ದೇಬಿಟ್ರು. ಹಿಂದೇನೇ ಬರ್ತಿದ್ದಾರೆ. ಮೊದಲಿನದೇ ಬೇಕಂತೆ.”

“ಅದು ನಿನ್ನ ಫೋನಲ್ಲೇ ಇದೆಯಲ್ಲೋ.”

ಅಳಿಯ ನೆಲ ನೋಡಿದ. “ಒಳ್ಳೇದು ಬಂತಲ್ಲ ಅಂತ ಹಳೇದನ್ನ ಅಳಿಸಿಬಿಟ್ಟೆ. ಫೋನಲ್ಲಿ ಜಾಗ ಇರ್ಲಿಲ್ಲ. ಅದು ಗೊತ್ತಾದ್ರೆ ನನ್ನ ಗತಿ ದೇವರೇ ಬಲ್ಲ.”

ಕೋಲಿನ ಸದ್ದು ಮೆಟ್ಟಿಲೇರಿ ಬಾಗಿಲ ಬಳಿ ನಿಂತಿತು. ತಾತನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆ ಮುದುಕನಿಗೆ ಏನೆಂದು ಮುಖ ತೋರಿಸುವುದು? ಮೂಲಗಳನ್ನು ಇಡುವ ಡಿಸ್ಕನ್ನು ಜೋಡಿಸಿ ಹುಡುಕಿದರು. ಇದೆಯೋ, ಅವಸರದಲ್ಲಿ ತಾನೂ ಅಳಿಸಿಬಿಟ್ಟೆನೋ?

ಇತ್ತು.

ಏನನ್ನೂ ತಿದ್ದದೆ, ಇದ್ದದ್ದು ಇದ್ದ ಹಾಗೆಯೇ ಹಾಕಿದರು. ಚಿತ್ರ ನಡುಗಿತು. ಗೊರ್ ಗೊರ್ ಸದ್ದು ಕೋಣೆಯನ್ನು ತುಂಬಿತು. ಮೂಲೆಯಲ್ಲಿ ಬೆರಳು ಬಂತು. “ಸಾಕು, ಇನ್ನು ಕೂತ್ಕೊಳ್ಳಿ.”

ತಾತನ ಹೆಗಲ ಮೇಲಿಂದ ಸುಕ್ಕುಗಟ್ಟಿದ ಕೈಯೊಂದು ಮುಂದೆ ಬಂತು. ಮುಖವನ್ನು ದಾಟಿ ಹೋಗಿ, ಮೂಲೆಯ ಆ ಬೆರಳನ್ನು ಮೆಲ್ಲಗೆ ಸವರಿತು. ತಾತ ತಿರುಗಿದರು. ಪರದೆಯ ಮೇಲಿದ್ದ ಮುಖವೇ ಅವರ ಹಿಂದೆ ನಿಂತಿತ್ತು.

“ದೇವರೇ,” ಎಂದರು ಅತ್ತೆ, ಬೆರಳ ಮೇಲಿನ ಬೆರಳು ತೆಗೆಯದೆ, “ಇನ್ನಾದ್ರೂ ನಮ್ಮ ಯಜಮಾನರ ಕೈ ನಡುಗದೆ ಇರ್ಲಿ, ಎದೆ ಹೀಗೆ ಗೊರಗುಟ್ಟದೆ ಇರ್ಲಿ, ನನ್ನ ಮಾತಿಗಂತೂ ಕೂರಲಿಲ್ಲ, ನಿನ್ನ ಪಕ್ಕದಲ್ಲಿ ಕೂರಿಸಿಕೊಂಡು ಶಾಂತಿ ಕೊಡಪ್ಪಾ.”