ಭಾವನ ಗಾಡಿ

ಬಾನೆಟ್ ಎತ್ತಿದ ಕೂಡಲೇ ಬಿಸಿಗಾಳಿ ಮೆಕ್ಯಾನಿಕ್‌ನ ಮುಖಕ್ಕೆ ಬಡಿಯಿತು. ಅವನು ಹಿಂದೆ ಸರಿಯಲಿಲ್ಲ. ಎಂಜಿನ್ ಒಮ್ಮೆ ಕೆರಳಿತು, ಒಮ್ಮೆ ಕುಸಿಯಿತು, ಕೊನೆಗೆ ಬಿಕ್ಕಳಿಸಿ ನಿಂತೇಹೋಯಿತು.

“ನೋಡಿದ್ಯಾ? ಇದೇ ಇದರ ರೋಗ,” ಎಂದ ಭಾವ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. “ಸ್ವಲ್ಪ ನಿಧಾನ ಮಾಡಿದ್ರೆ ಸಾಕು, ಆಫ್. ಬೇರೆ ಗ್ಯಾರೇಜಿನವರೆಲ್ಲ ಕೈಚೆಲ್ಲಿದ್ರು. ಕೊನೆಗೆ ನಿನ್ನಕ್ಕನೇ ಅಂದ್ಲು, ನನ್ನ ತಮ್ಮನಿಗೆ ಒಂದ್ಸಲ ತೋರಿಸಿ ಅಂತ.”

“ಅಕ್ಕ ಹೇಗಿದ್ದಾಳೆ?”

“ಅವಳಿಗೇನು? ಕಪಾಟಿನ ಬಾಗಿಲಿಗೆ ಹಣೆ ತಾಗಿಸ್ಕೊಂಡು ಹೊಲಿಗೆ ಹಾಕಿಸ್ಕೊಂಡಿದ್ದಾಳೆ. ಮೈಮೇಲೆ ಎಚ್ಚರ ಇದ್ರೆ ತಾನೇ!”

ಮೆಕ್ಯಾನಿಕ್‌ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಒಂದು ಗಳಿಗೆ ನಿಂತಿತು. ಹಿಂದೊಮ್ಮೆ ಬಚ್ಚಲ ನೆಲ. ಅದಕ್ಕೂ ಮುಂಚೆ ಮೆಟ್ಟಿಲು. ಆ ಮನೆಯಲ್ಲಿ ಬಾಗಿಲು, ನೆಲ, ಮೆಟ್ಟಿಲು ಎಲ್ಲವೂ ಅಕ್ಕನ ಮೇಲೆ ಹಗೆ ಸಾಧಿಸುತ್ತಿದ್ದವು. ಭಾವನೊಬ್ಬನೇ, ಪಾಪ, ಏನೂ ಮಾಡಿದವನಲ್ಲ.

ಮನೆ ಇದ್ದದ್ದು ಅಣೆಕಟ್ಟಿನಾಚೆಯ ಗುಡ್ಡದ ಮೇಲೆ. ಬಸ್ಸು ಹತ್ತದ ಜಾಗ. ಒಮ್ಮೆ ಮೆಕ್ಯಾನಿಕ್ ಅಲ್ಲಿಗೇ ಹೋಗಿ, ಗೇಟಿನ ಮುಂದೆ ನಿಂತು ಗಂಟಲು ಹರಿಯುವಷ್ಟು ಕೂಗಾಡಿ ಬಂದಿದ್ದ. ಅದಕ್ಕೆ ಉತ್ತರ ಅವನಿಗೆ ಸಿಗಲಿಲ್ಲ. ಅಕ್ಕನ ಬೆನ್ನ ಮೇಲೆ ಬಿತ್ತು. ಅಂದಿನಿಂದ ಅವನು ಬಾಯಿ ಹೊಲಿದುಕೊಂಡಿದ್ದ. ಬಾಯ್ತುಂಬ ಭಾವ ಎಂದು ಕರೆಯುತ್ತಿದ್ದ, ಹಲ್ಲು ಕಚ್ಚಿ ಕಾಯುತ್ತಿದ್ದ. ಇವತ್ತು ಅವನು ಕಾಯುತ್ತಿದ್ದ ಗಳಿಗೆ ನಾಲ್ಕು ಚಕ್ರದ ಮೇಲೆ ತಾನಾಗಿಯೇ ಉರುಳಿಕೊಂಡು ಬಂದು ನಿಂತಿತ್ತು.

ಎಂಜಿನ್ ಚಾಲೂ ಮಾಡದೆ ಕೀಯನ್ನಷ್ಟೇ ತಿರುಗಿಸಿದ. ಥ್ರಾಟಲ್ ಸೆನ್ಸರ್‌ಗೆ ಮೀಟರಿನ ತಂತಿ ಸಿಕ್ಕಿಸಿದ. ಆಕ್ಸಿಲರೇಟರ್ ಎಷ್ಟು ಒತ್ತಿದೆಯೆಂದು ಗಾಡಿಯ ಕಂಪ್ಯೂಟರಿಗೆ ವರದಿ ಒಪ್ಪಿಸುವ ಪುಟ್ಟ ಡಬ್ಬಿ ಅದು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಬೆರಳಿನಿಂದ ಮೆಲ್ಲಗೆ ತೆರೆದ. ಮೀಟರಿನ ಮುಳ್ಳು ನುಣ್ಣಗೆ ಏರಬೇಕಿತ್ತು. ತುಸು ಏರಿ, ದೊಪ್ಪನೆ ಸೊನ್ನೆಗೆ ಬಿದ್ದು, ಮತ್ತೆ ಎದ್ದಿತು. ಇನ್ನೊಮ್ಮೆ ತೆರೆದ. ಅದೇ ಜಾಗದಲ್ಲಿ ಬಿತ್ತು.

“ಸಿಕ್ತು. ಈ ಸೆನ್ಸರ್ ಒಳಗೆ ಸವೆದುಹೋಗಿದೆ ಭಾವ. ಕಾಲು ಎತ್ತಿದ್ದೀರೋ ಒತ್ತಿದ್ದೀರೋ, ಸುಳ್ಳು ಲೆಕ್ಕ ಕೊಡುತ್ತೆ.”

“ಸುಳ್ಳು ಹೇಳೋರನ್ನ ಇಟ್ಕೋಬಾರದಪ್ಪ. ಕಿತ್ತು ಬಿಸಾಕು!” ಭಾವ ತನ್ನ ಮಾತಿಗೆ ತಾನೇ ನಕ್ಕ.

“ಅದನ್ನೇ ಮಾಡೋಣ ಅಂತಿದ್ದೀನಿ.”

ಹೊಸ ಸೆನ್ಸರ್ ಕೂರಿಸಿ ಸ್ಕ್ರೂಗಳನ್ನು ಸಡಿಲವಾಗಿ ಬಿಟ್ಟ. ಇನ್ನುಳಿದದ್ದು ಅದನ್ನು ಹೊಂದಿಸುವ ಕೆಲಸ. ಡಬ್ಬಿಯನ್ನು ಕೂದಲೆಳೆಯಷ್ಟು ಇತ್ತ ತಿರುಗಿಸಿದರೆ ಗಾಡಿ ಹೇಳಿದ ಮಾತು ಕೇಳುತ್ತದೆ. ಅಷ್ಟೇ ಅತ್ತ ತಿರುಗಿಸಿದರೆ, ಕಾಲು ತೆಗೆದ ಮೇಲೂ ಎಂಜಿನ್ ಕೆರಳಿಯೇ ಇರುತ್ತದೆ. ಗುಡ್ಡದ ಇಳಿಜಾರಿನಲ್ಲಿ. ಪಕ್ಕದಲ್ಲಿ ನೀರು ಕಾಣುವ ತಿರುವುಗಳಲ್ಲಿ. ಮೆಕ್ಯಾನಿಕ್ ಆ ತಿರುವುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡ. ಭಾವನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿದ. ಮೀಟರಿನ ಮುಳ್ಳನ್ನು ನೋಡಿದ. ತನಗೆ ಬೇಕಾದ ಕಡೆಗೆ ತಿರುಗಿಸಿ ಸ್ಕ್ರೂ ಬಿಗಿದ.

“ಇನ್ನು ಎಲ್ಲೂ ನಿಲ್ಲಲ್ಲ ಭಾವ.”

“ನಿಂತಿದ್ದೂ ಒಂದ್ಸಲ ಒಳ್ಳೇದೇ ಆಯ್ತು ಬಿಡು. ಹೋದ ವಾರ ನಮ್ಮನೆ ಮೂಲೆ ತಿರುವಲ್ಲೇ ಕೆಟ್ಟು ನಿಂತಿತ್ತು.”

“ಅದರಲ್ಲಿ ಒಳ್ಳೇದೇನು?”

“ಏನಿಲ್ಲ ಬಿಡು,” ಎಂದು ಭಾವ ಮೊಬೈಲಿನಲ್ಲಿ ಮುಖ ಹುದುಗಿಸಿದ.

ಪರೀಕ್ಷೆಗೆಂದು ಗಾಡಿ ಓಡಿಸಿಕೊಂಡು ಹೋದ ಮೆಕ್ಯಾನಿಕ್ ದಾರಿಯಲ್ಲಿ ಒಂದು ಫೋನ್ ಮಾಡಿ, ಪೆಟ್ರೋಲ್ ಕೂಡ ತುಂಬಿಸಿಕೊಂಡು ಬಂದ.

“ಟ್ಯಾಂಕ್ ಫುಲ್ಲಾ? ಏನಪ್ಪಾ ಬಾಮೈದ, ಇವತ್ತು ಇಷ್ಟು ಪ್ರೀತಿ!”

“ನಮ್ಮವರಿಗೆ ಅಂತ ಇಷ್ಟೂ ಮಾಡ್ದಿದ್ರೆ ಹೇಗೆ?”

ಭಾವ ಸೀಟಿ ಹಾಕುತ್ತ ಹೊರಟ. ಗಾಡಿಯ ಸದ್ದು ಗುಡ್ಡದ ದಾರಿಯಲ್ಲಿ ಕರಗುವವರೆಗೂ ಮೆಕ್ಯಾನಿಕ್ ರಸ್ತೆಯಲ್ಲೇ ನಿಂತಿದ್ದ.

ಮರುದಿನ ಅವನು ಗ್ಯಾರೇಜ್ ತೆರೆಯಲಿಲ್ಲ. ಬೆಳಕು ಹರಿಯುತ್ತಲೇ ಒಗೆದ ಅಂಗಿ ತೊಟ್ಟು ಪೊಲೀಸ್ ಠಾಣೆಗೆ ಹೋಗಿ ಬೆಂಚಿನ ಮೇಲೆ ಕುಳಿತ.

“ಏನ್ರೀ ವಿಷಯ?” ಎಂದ ಪೇದೆ.

“ಒಂದು ಗಾಡಿ ವಿಷಯ ಸಾರ್. ಸ್ವಲ್ಪ ಹೊತ್ತಲ್ಲಿ ಗೊತ್ತಾಗುತ್ತೆ. ಅಲ್ಲೀವರೆಗೆ ಇಲ್ಲೇ ಕೂತಿರ್ತೀನಿ.”

ಪೇದೆ ಅವನನ್ನು ಮೇಲಿಂದ ಕೆಳಗೆ ಅಳೆದ. ಇನ್ನೇನೂ ಕೇಳದೆ, ಬಾಗಿಲಿಗೆ ಅಡ್ಡವಾಗುವಂತೆ ತನ್ನ ಕುರ್ಚಿ ಎಳೆದುಕೊಂಡು ಕೂತ. ಮೆಕ್ಯಾನಿಕ್ ಮೊಬೈಲನ್ನು ಅಂಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. ಕೊನೆಗೂ ಅದು ಬಡಿದುಕೊಂಡಿತು. ಭಾವನ ನಂಬರ್. ತುಸು ಹೊತ್ತು ಬಡಿದುಕೊಳ್ಳಲು ಬಿಟ್ಟು, ಎತ್ತಿದ.

“ಗಾಡಿಗೆ ಏನೋ ಮಾಡ್ದೆ ನೀನು?”

ಭಾವನದೇ ದನಿ. ಓಡಿ ಬಂದವನ ಏದುಸಿರು.

“ರಿಪೇರಿ ಮಾಡ್ದೆ.”

“ಎದ್ದು ನೋಡಿದ್ರೆ ಗಾಡಿ ಇಲ್ಲ, ಕೀ ಇಲ್ಲ. ನಿನ್ನಕ್ಕನೂ ಇಲ್ಲ, ಮಗೂನೂ ಇಲ್ಲ! ಹೋದ ಸಲದ ಹಾಗೆ ಮೂಲೆ ತಿರುವಲ್ಲೇ ಸಿಕ್ಕಿಬೀಳ್ತಾಳೆ ಅಂತ ಓಡಿ ಬಂದ್ರೆ, ಇಲ್ಲೂ ಇಲ್ಲ ಕಣೋ! ಬಿಡಲ್ಲ ನಾನು. ಗಾಡಿ ಕದ್ದಳು ಅಂತ ಈಗ್ಲೇ ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ!”

ಹೊರಗೆ ಒಂದು ಎಂಜಿನ್ ಒಂದೇ ಸಮನೆ ಗುನುಗುತ್ತ ಬಂದು ನಿಂತಿತು. ಹಣೆಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಠಾಣೆಯ ಮೆಟ್ಟಿಲು ಹತ್ತತೊಡಗಿದಳು.

“ಬನ್ನಿ ಭಾವ,” ಎಂದ ಮೆಕ್ಯಾನಿಕ್, ಎದ್ದು ನಿಲ್ಲುತ್ತ. “ಅಕ್ಕ ನಿಮಗಿಂತ ಮುಂಚೇನೇ ಬಂದಿದ್ದಾಳೆ.”