ಒಂದೇ ಬಿಲ್ಲೆ

ಹದಿನೆಂಟು ವರ್ಷದಿಂದ ನಾನು ರಾಜ್ಯ ಐಸ್ ಹಾಕಿ ಸಂಸ್ಥೆಯ ಕಾರ್ಯದರ್ಶಿ. ಐಸ್ ಮೇಲೆ ಕಾಲಿಟ್ಟದ್ದು ಮಾತ್ರ ಮೊನ್ನೆಯ ಫೈನಲ್‌ನಲ್ಲೇ ಮೊದಲು, ಅದೂ ಎರಡೂ ತಂಡಗಳ ನಾಯಕರ ತೋಳು ಹಿಡಿದು. ಆಟದ ಕಪ್ಪು ಬಿಲ್ಲೆಯನ್ನು ಕೆಳಗೆ ಬಿಟ್ಟು ಉದ್ಘಾಟಿಸಿದೆ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಪಡೆದು ವೇದಿಕೆಗೆ ಮರಳಿದೆ.

ಆಟ ಶುರುವಾಗಲಿಲ್ಲ. ರೆಫರಿ ಬೋಪಯ್ಯ ಓಡಿಬಂದ.

"ಸಾರ್, ಬಿಲ್ಲೆ ಇಲ್ಲ."

"ಇನ್ನೊಂದು ತಗೊಳ್ರಿ."

"ಹತ್ತು ಕೇಳಿದ್ವಿ. ಆಡೋದು ಒಂದ್ರಲ್ಲೇ ತಾನೆ, ಒಂದು ಸಾಕು ಅಂತ ನೀವೇ ಬರೆದ್ರಿ."

"ಆ ಒಂದನ್ನೂ ಕಾಯೋಕಾಗಲ್ವಾ? ನಿಮ್ಮನ್ನ ಸಸ್ಪೆಂಡ್ ಮಾಡಿದೀನಿ!" ಎಂದು ಮೈಕಿನಲ್ಲೇ ಗುಡುಗಿದೆ.

ಬೋಪಯ್ಯ ಕೊರಳಿನ ವಿಷಲ್ ತೆಗೆದು ನನ್ನ ಮುಂದಿಟ್ಟ. "ಉದ್ಘಾಟನೆ ಮಾಡಿದ ಬಿಲ್ಲೆನ ಅತಿಥಿಗೇ ಕಾಣಿಕೆ ಕೊಡೋದು ನಮ್ಮ ಪದ್ಧತಿ ಸಾರ್."

ಕೋಟಿನ ಜೇಬಿಗೆ ಕೈ ಹಾಕಿದೆ. ಇನ್ನೂ ತಣ್ಣಗಿತ್ತು.