ದೂರು ಕೊಟ್ಟವರು

ಸಭಾಭವನದ ಮೆಟ್ಟಿಲ ಬಳಿಯೇ ಶೈಲಾ ಗೆಳತಿಯ ಕೈ ಹಿಡಿದು ನಿಲ್ಲಿಸಿದಳು.

"ತ್ರಿಶಲಾ, ಇನ್ನೂ ಟೈಮ್ ಐತಿ. ಆರಾಮಿಲ್ಲಂತ ಹೇಳಿ ತಿರುಗಿ ಹೋಗೂಣು ನಡಿ. ಒಳಗ ಹೋದ್ರ ಅವರು ನಿನ್ನ ಬಿಡಂಗಿಲ್ಲ."

"ಅಣ್ಣಾಸಾಬ ಸರ ಬಂದಾರೇನು?"

"ಬರದ ಇರ್ತಾರೇನು? ಮುಂದಿನ ಸಾಲಿನ್ಯಾಗ ಕುಂತು ನಗಾಕತ್ತಾರ."

"ಹಂಗಾದ್ರ ನಡಿ," ಎಂದು ತ್ರಿಶಲಾ ಮೆಟ್ಟಿಲು ಹತ್ತಿದಳು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಶಾಲಾ ಮನಶ್ಶಾಸ್ತ್ರಜ್ಞರ ಸಂಘ ಅದು. ಚಿಕ್ಕ ಸಂಘ. ಆದರೆ ಅದರ ಸದಸ್ಯರಲ್ಲದವರನ್ನು ಇಲ್ಲಿನ ಯಾವ ಶಾಲೆಯೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಸಂಘದಿಂದ ಹೊರಬಿದ್ದರೆ ವೃತ್ತಿಯಿಂದಲೇ ಹೊರಬಿದ್ದಂತೆ.

ಅಣ್ಣಾಸಾಬರು ಸಂಘ ಹುಟ್ಟಿದಂದಿನಿಂದ ಅಧ್ಯಕ್ಷರು. ನಿಯಮಗಳನ್ನು ಬರೆದವರೂ ಅವರೇ. ಸದಸ್ಯರ ಮೇಲೆ ದೂರು ಬಂದರೆ ವಿಚಾರಣೆ ಕಡ್ಡಾಯ. ಅಧ್ಯಕ್ಷರ ಮೇಲಿನ ದೂರನ್ನು ಮಾತ್ರ ಅಧ್ಯಕ್ಷರಿಗೇ ಕೊಡಬೇಕು; ವಿಚಾರಣೆ ಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುತ್ತಾರೆ.

ದೀಪಾವಳಿ ಕಳೆದ ಮೇಲೆ ತ್ರಿಶಲಾ ಅಂಥದೊಂದು ದೂರು ಹಿಡಿದು ನಿಪ್ಪಾಣಿಯ ಅವರ ಮನೆಗೆ ಹೋಗಿದ್ದಳು. ಅವರು ಚಹಾ ಕುಡಿಸಿ, "ವಿಚಾರ ಮಾಡೂಣು" ಎಂದು ನಕ್ಕು ಕಳಿಸಿದ್ದರು. ಕೆಲವೇ ದಿನಗಳಲ್ಲಿ ತ್ರಿಶಲಾಳ ಮೇಲೆಯೇ ದೂರು ಬಂತು. ಕೊಟ್ಟವರ ಹೆಸರು ತೀರ್ಪಿನವರೆಗೆ ಗುಟ್ಟು. ಆದರೆ ಅದನ್ನು ಊಹಿಸಲು ಶೈಲಾಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುದ್ದಿ ತಿಳಿದು ಅವಳು ರಾಯಬಾಗದ ಶಾಲೆಗೆ ಓಡಿದಾಗ, ತ್ರಿಶಲಾಳ ಕೋಣೆ ಆಗಲೇ ಖಾಲಿಯಾಗಿತ್ತು. ಮಕ್ಕಳು ಬಿಡಿಸಿದ ಚಿತ್ರಗಳೂ ಗೋಡೆಯ ಮೇಲಿರಲಿಲ್ಲ. ಇಷ್ಟು ಬೇಗ ಸೋತಳೇ ಎಂದು ಶೈಲಾಳಿಗೆ ಸಂಕಟವಾಗಿತ್ತು.

ಒಳಗೆ ಯಾರೂ ತ್ರಿಶಲಾಳ ಮುಖ ನೋಡಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಗುತ್ತಿದ್ದವು. ಯಾರೋ ಎದ್ದು ಕಿಟಕಿ ಮುಚ್ಚಿದರು.

ವಿಚಾರಣೆಯ ಮುಖ್ಯಸ್ಥೆ ಅಥಣಿಯ ಉಜ್ವಲಾ. ಹಿರಿಯರು, ನಗು ಕಡಿಮೆ.

"ಕಾಗವಾಡದ ನೀಲಮ ಅನ್ನೂ ಹುಡುಗೀನ ಮಿರಜಕ್ಕ ಹೋಗಿ ಭೇಟಿಯಾಗೀರಿ. ಅವರಪ್ಪನ ಅನುಮತಿ ತಗೊಂಡಿಲ್ಲ. ಇದು ನಿಮ್ಮ ಮ್ಯಾಲಿನ ದೂರು. ಖರೇ ಏನು?"

ತ್ರಿಶಲಾ ಎದ್ದು ನಿಂತಳು. "ಖರೇರಿ."

ಶೈಲಾ ಕಣ್ಣು ಮುಚ್ಚಿಕೊಂಡಳು.

"ಒಪ್ಪಿದ ಮ್ಯಾಲೆ ಇನ್ನೇನು ಉಳೀತು?" ಅಣ್ಣಾಸಾಬರು ಕುಳಿತಲ್ಲಿಂದಲೇ ಅಂದರು. "ಸದಸ್ಯತ್ವ ರದ್ದು ಮಾಡ್ರಿ, ಊಟಕ್ಕ ಏಳೂಣು. ದೂರು ಯಾರು ಕೊಟ್ಟಾರೋ ನನಗ ಗೊತ್ತಿಲ್ಲ. ಯಾರರ ಆಗ್ಲಿ, ಸಂಘಕ್ಕ ಉಪಕಾರ ಮಾಡ್ಯಾರ."

ಎಂಥ ನಾಟಕ ಎಂದುಕೊಂಡಳು ಶೈಲಾ.

"ಆರೋಪ ಹೊತ್ತವರಿಗೆ ಒಂದು ಹಕ್ಕು ಐತ್ರಿ," ಎಂದಳು ತ್ರಿಶಲಾ. "ಸಭಾದಾಗ ಯಾರನ್ನ ಬೇಕಾದ್ರೂ ಪ್ರಶ್ನೆ ಕೇಳಬಹುದು. ಅವರು ಉತ್ತರ ಕೊಡಾಕ ಬೇಕು. ಹುಡುಗರು ನಮ್ಮ ಮುಂದ ಹೇಳಿದ್ದನ್ನ ಬ್ಯಾರೆ ಎಲ್ಲೂ ಆಡೂಹಂಗಿಲ್ಲ, ಆದ್ರ ಅವರು ಒಪ್ಪಿದ್ರ ಇಲ್ಲಿ ಆಡಬಹುದು. ನೀಲಮ ಒಪ್ಯಾಳ."

"ಐತಿ," ಎಂದರು ಉಜ್ವಲಾ. "ಕೇಳ್ರಿ."

"ಅಣ್ಣಾಸಾಬ ಸರ, ಪ್ರಶ್ನೆ ನಿಮಗ."

ಅಧ್ಯಕ್ಷರ ನಗು ಅಲ್ಲೇ ನಿಂತಿತು.

"ತನ್ನ ಕ್ಲಾಸಿನ ಒಬ್ಬ ಹುಡುಗ ಮನಸ್ಸಿಗೆ ಬಂದಾನಂತ ನೀಲಮ ಆಕೀ ಶಾಲಿಗೆ ಬರೂ ನಿಮ್ಮೊಬ್ಬರ ಮುಂದ ಹೇಳಿದ್ಲು. ಮರುದಿನ ಅದು ಅವರಪ್ಪಗ ಹೆಂಗ ಗೊತ್ತಾತು?"

"ಅವರು ಶಾಲಿ ಕಮಿಟಿಯವರು."

"ನೀವ ಹೇಳಿದ್ರೇನು?"

"ಹೇಳಿದೆ! ಏನಾತೀಗ?" ಅವರ ದನಿ ಏರಿತು. "ಆಕೀದೊಬ್ಬಾಕೀದ ಅಲ್ಲ. ಕಮಿಟಿಯವರು ಕೇಳಿದಾಗೆಲ್ಲಾ ಹೇಳೇನಿ. ಹೇಳಿದ್ದಕ್ಕ ನಿಮ್ಮೆಲ್ಲಾರ ನೌಕರಿ ಉಳದಾವು, ತಿಳೀತೇನು, ಸಮಜಲ ಕಾ?"

ಹಿಂದಿನ ಸಾಲಿನಲ್ಲಿ ಯಾರೋ ತಾವು ಅಣ್ಣಾಸಾಬರ ಬಳಿ ಕಳಿಸಿದ್ದ ತಮ್ಮ ಶಾಲೆಯ ಹುಡುಗನೊಬ್ಬನ ಹೆಸರನ್ನು ಮೆಲ್ಲಗೆ ಉಸುರಿದರು. ಇನ್ನೊಂದು ಮೂಲೆಯಿಂದ ಮತ್ತೊಂದು ಹೆಸರು ಬಂತು.

"ಆಕೀ ಶಾಲಿ ಬಿಡಿಸಿ ಮಿರಜದಾಗ ಅವರವ್ವನ ಕಡೆ ಮಾವಶಿ ಮನ್ಯಾಗ ಇಟ್ಟಾರ," ಎಂದಳು ತ್ರಿಶಲಾ. "ಊಟಕ್ಕ ಕರೆದ್ರೂ ಓ ಅನ್ನಂಗಿಲ್ಲ. ನನ್ನ ಮುಂದ ಆಡಿದ್ದು ಒಂದ ಮಾತು. 'ಇನ್ನ ಮ್ಯಾಲೆ ನಾ ಯಾರಿಗೂ ಏನೂ ಹೇಳಂಗಿಲ್ಲ ಮೇಡಂ. ಇದೊಂದು ನೀವು ಹೇಳ್ರಿ.'"

ಉಜ್ವಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತೀರ್ಪು ಹೇಳಿದರು. ಮಗುವಿನ ಗುಟ್ಟನ್ನು ಬಿಟ್ಟುಕೊಟ್ಟವರು ಸಂಘದಲ್ಲಿ ಇರಕೂಡದು, ಅದು ಅಣ್ಣಾಸಾಬರೇ ಬರೆದ ನಿಯಮ. ಅವರು ಈಗಿಂದೀಗಲೇ ಹೊರಗೆ. ಅನುಮತಿಯಿಲ್ಲದೆ ಮಗುವನ್ನು ಭೇಟಿಯಾದವರೂ ಇರಕೂಡದು. ತ್ರಿಶಲಾಳ ಸದಸ್ಯತ್ವವೂ ರದ್ದು.

"ಇದು ಅನ್ಯಾಯರಿ!" ಶೈಲಾ ಕುಳಿತಲ್ಲೇ ಕೂಗಿದಳು.

"ನಿಯಮ ಎಲ್ಲಾರಿಗೂ ಒಂದ," ಎಂದರು ಉಜ್ವಲಾ. ಅವರು ತ್ರಿಶಲಾಳ ಕಡೆ ನೋಡಲಿಲ್ಲ.

ಅಣ್ಣಾಸಾಬರು ಕುರ್ಚಿಯಲ್ಲಿ ಕುಸಿದಿದ್ದರು. ಮುಖ ಕಪ್ಪಿಟ್ಟಿತ್ತು.

"ಯಾವ ಹುಚ್ಚ ಕೊಟ್ಟಾನ ಈ ದೂರು?" ಅವರು ಕುರ್ಚಿಯ ಕೈ ಗುದ್ದಿದರು. "ಅದೊಂದು ಬರದಿದ್ರ ವಿಚಾರಣೆನೂ ಇಲ್ಲ, ಪ್ರಶ್ನೆನೂ ಇಲ್ಲ. ತೀರ್ಪು ಆತಲ್ಲ? ನಿಯಮದ ಪ್ರಕಾರ ಎದ್ದು ನಿಲ್ಲಾಕ ಹೇಳ್ರಿ ಅವನ್ನ! ಮುಖ ನೋಡ್ತೀನಿ."

ಶೈಲಾ ದಂಗಾದಳು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಎಲ್ಲರೂ ಅಕ್ಕಪಕ್ಕದವರನ್ನು ನೋಡಿದರು. ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ.

"ಎದ್ದು ನಿಲ್ಲಾಕ ಹೇಳೂದೇನೈತ್ರಿ?" ಎಂದರು ಉಜ್ವಲಾ. "ಅವರು ಆಗಿನಿಂದ ನಿಂತ ಅದಾರ."